ಸ್ವಿಚ್ಚಿಲ್ಲದ ಗರಗಸ

ನಮ್ಮ ಇಲಾಖೆ ಇದುವರೆಗೆ ಯಾರಿಗೂ ಕೆಟ್ಟ ಗರಗಸ ಕೊಟ್ಟಿಲ್ಲ. ಇದು ದಾಖಲೆಯಲ್ಲಿರುವ ಮಾತು. ಹಾಗಾದರೆ ಒಳ್ಳೆಯದನ್ನು ಕೊಟ್ಟಿದೆಯೇ ಎಂದು ಕೇಳುವ ಕುಹಕಿಗಳು ಎಲ್ಲ ಕಡೆಯೂ ಇರುತ್ತಾರೆ. ಅವರಿಗೆ ಉತ್ತರವಾಗಿಯೂ, ಪೇಟೆಯಲ್ಲಿ ಹಬ್ಬಿರುವ ಗಾಳಿಮಾತಿಗೆ ಸ್ಪಷ್ಟೀಕರಣವಾಗಿಯೂ, ಗರಗಸ ಆಯ್ಕೆ ಸಮಿತಿಯ ಕಾರ್ಯದರ್ಶಿಯಾದ ನಾನು ನಡೆದದ್ದನ್ನು ನಡೆದ ಹಾಗೆ ಇಲ್ಲಿ ನಿವೇದಿಸುತ್ತಿದ್ದೇನೆ. ನನಗೆ ಕತೆ ಕಟ್ಟಲು ಬರುವುದಿಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಬಡ್ತಿ ಸಿಕ್ಕಿರುತ್ತಿತ್ತು.

ನಮ್ಮದು ಗೃಹ ಕಾರ್ಯಾಗಾರ ಉತ್ತೇಜನ ಇಲಾಖೆ. ಹುಟ್ಟಿದಾಗಿನಿಂದ ಬಹುಕಾಲ ಇಲಾಖೆ ತನ್ನದೇ ಕುರ್ಚಿ ಮೇಜುಗಳಿಗಾಗಿ ಬೇರೆ ಇಲಾಖೆಗಳಿಗೆ ಮನವಿ ಬರೆಯುವುದರಲ್ಲಿ ಮಗ್ನವಾಗಿತ್ತು. ಕುರ್ಚಿ ಬಂದವು, ಮೇಜು ಬಂತು, ಗೋಡೆಗೆ ಗಡಿಯಾರವೂ ಬಂತು. ಇನ್ನು ಸುಮ್ಮನೆ ಕೂತರೆ ಜನ ಆಡಿಕೊಳ್ಳುತ್ತಾರೆಂದು ನಿರ್ದೇಶಕರು ಒಂದು ಪ್ರಕಟಣೆ ಹೊರಡಿಸಲು ಹೇಳಿದರು. ನಾನೇ ಬರೆದೆ:

"ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಮನೆಯಲ್ಲಿ ಸ್ವಂತ ಮರಗೆಲಸ ಮಾಡಿಕೊಳ್ಳಬಯಸುವ ನಾಗರಿಕರಿಗೆ ವಿದ್ಯುತ್ ಚಾಲಿತ ಕುಯ್ಯುವ ಸಾಧನವೊಂದನ್ನೂ, ಅವಶ್ಯವಿದ್ದಲ್ಲಿ ಕೊರೆಯುವ ಸಾಧನವೊಂದನ್ನೂ ಇಲಾಖೆಯು ಆಯ್ಕೆ ಮಾಡಿ ಒದಗಿಸತಕ್ಕದ್ದು. ಸಾಧನ ಎಂದರೆ ಕುಯ್ಯುವ ಅಥವಾ ಕೊರೆಯುವ ಶಕ್ತಿಯುಳ್ಳ ವಸ್ತು, ಯಂತ್ರ ಅಥವಾ ಇತರೆ ಎಂದು ಅರ್ಥೈಸತಕ್ಕದ್ದು."

ಆ 'ಇತರೆ'ಯನ್ನು ಈಗ ಕೆಲವರು ಆಡಿಕೊಳ್ಳುತ್ತಿದ್ದಾರೆ. ಆಡಿಕೊಳ್ಳಲಿ. ನನ್ನ ಸೇವಾವಧಿಯಲ್ಲಿ ನನ್ನ ಕೈಯಿಂದ ಹೊರಟ ಯಾವ ಕಾಗದವೂ 'ಇತರೆ' ಇಲ್ಲದೆ ಹೊರಟಿಲ್ಲ. ಅಡುಗೆಗೆ ಉಪ್ಪು ಹೇಗೋ ಆದೇಶಕ್ಕೆ 'ಇತರೆ' ಹಾಗೆ. ಹಾಕದೆ ಬಿಟ್ಟವನಿಗೆ ಮುಂದೆ ಯಾವತ್ತಾದರೂ ಬಾಯಿ ಸಪ್ಪೆಯಾಗಿಯೇ ತೀರುತ್ತದೆ.

ಪ್ರಕಟಣೆಯನ್ನು ಎಲ್ಲರೂ ಓದಿದರು. ನಂಬಿದವನು ಒಬ್ಬನೇ. ಅವನು ಬಸ್ ಕಂಡಕ್ಟರು. ಮನೆಯ ಪಕ್ಕದಲ್ಲಿ ತಗಡು ಹೊದಿಸಿದ ಸಣ್ಣ ಶೆಡ್ಡಿತ್ತು, ರಜೆಯ ದಿನ ಅಲ್ಲಿ ಕೂತು ಸ್ಟೂಲು ಮಾಡುತ್ತಿದ್ದ. ಮಾಡಿದ ಸ್ಟೂಲುಗಳೆಲ್ಲ ಅಲ್ಲಾಡುತ್ತಿದ್ದವು, ಆದರೆ ದಿನವಿಡೀ ಓಡುವ ಬಸ್ಸಿನಲ್ಲಿ ನಿಂತಿರುವವನಿಗೆ ಅದು ಗೊತ್ತಾಗುತ್ತಿರಲಿಲ್ಲ. ಅರ್ಜಿ ಹಿಡಿದು ನಮ್ಮ ಕಚೇರಿಗೆ ಬಂದು, ಬಾಗಿಲಲ್ಲೇ ನಿಂತು, ಒಳಗೆ ಜಾಗ ಇದೆಯೇ ಎಂದು ನೋಡಿ ಆಮೇಲೆ ಒಳಗೆ ಬಂದ. ಅಭ್ಯಾಸ ಬಲ.

ಏತಕ್ಕೆ ಗರಗಸ ಎಂದು ನಿರ್ದೇಶಕರು ಕೇಳಿದರು. ಯೋಜನೆಗೆ ನಿಜವಾಗಿ ಒಬ್ಬ ಅರ್ಜಿದಾರ ಬಂದದ್ದಕ್ಕೆ ಅವರಿಗೆ ಸ್ವಲ್ಪ ಗಾಬರಿಯೂ ಆಗಿತ್ತು. ಕಂಡಕ್ಟರು ಹೇಳಿದ, "ನಮ್ಮಮ್ಮ ಎದುರು ಮನೆಗೆ ಹೋಗ್ಬೇಕು ಸಾರ್. ಅಷ್ಟೇ."

ಅಷ್ಟೇ ಎಂದರೆ ನಾವು ಬಿಡುವವರಲ್ಲ. ಸ್ಥಳ ಪರಿಶೀಲನೆಗೆ ನಿರ್ದೇಶಕರೂ ನಾನೂ ಹೋದೆವು. ಕಿರಿದಾದ ಬೀದಿ. ರಸ್ತೆ ಇಲಾಖೆಯವರು ಬೀದಿಯನ್ನು ಎದುರು ಸಾಲಿನ ತಗ್ಗು ಮನೆಗಳಿಗೆ ಸಮ ಮಾಡುತ್ತೇವೆಂದು ಅಗೆದು ತಗ್ಗಿಸಿ ಹೋಗಿದ್ದರು. ಮೊದಲು ಕಂಡಕ್ಟರನ ಹೊಸ್ತಿಲಿಗೆ ಸಮನಾಗಿದ್ದ ಬೀದಿಗೆ ಈಗ ಮೂರು ಮೆಟ್ಟಿಲು ಇಳಿಯಬೇಕು. ಕಂಡಕ್ಟರನ ತಾಯಿಗೆ ಮಂಡಿ ಹೋಗಿತ್ತು, ಗಾಲಿ ಕುರ್ಚಿಯಲ್ಲಿ ಓಡಾಡುತ್ತಿದ್ದರು. ಎದುರು ಮನೆಯಲ್ಲಿ ಅವರ ಸ್ವಂತ ತಂಗಿ, ಅಂದರೆ ಕಂಡಕ್ಟರನ ಚಿಕ್ಕಮ್ಮ, ಕಿಟಕಿಯ ಪಕ್ಕದ ಮಂಚ ಹಿಡಿದಿದ್ದರು. ಆಕೆ ಏಳುವ ಹಾಗಿಲ್ಲ, ಈಕೆ ಇಳಿಯುವ ಹಾಗಿಲ್ಲ. ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಬೀದಿ.

ಮಗ ತಾಯಿಯನ್ನು ಎತ್ತಿಕೊಂಡು ಹೋಗಬಾರದೇ ಎಂದು ನಾನು ಸಹಜವಾಗಿ ಕೇಳಿದೆ. ಒಳಗಿನಿಂದ ತಾಯಿಯೇ ಉತ್ತರ ಕೊಟ್ಟರು: "ನಾನೇನು ಮೂಟೆಯೇನಪ್ಪಾ? ಹೆಣ ಆದ್ಮೇಲೆ ಎತ್ಕೊಂಡು ಹೋಗ್ತೀರಲ್ಲ, ಆಗ ಎತ್ತಿ. ಅಲ್ಲೀತನಕ ನಾನೇ ಹೋಗ್ತೀನಿ."

ನಾವು ಟಿಪ್ಪಣಿ ಮಾಡಿಕೊಳ್ಳುತ್ತಿರುವಾಗಲೇ ಅವರು ಕುರ್ಚಿಯನ್ನು ಹೊಸ್ತಿಲವರೆಗೆ ತಳ್ಳಿಕೊಂಡು ಬಂದು ಎದುರು ಮನೆಯತ್ತ ಕೂಗಿದರು, "ಇದೀಯೇನೇ?" ಕಿಟಕಿಯಿಂದ ಉತ್ತರ ಬಂತು, "ಇದೀನಕ್ಕಾ. ನಿನಗಿಂತ ಮುಂಚೆ ಹೋದ್ರೆ ಬೈತೀಯಾ ಅಂತ ಇದೀನಿ." ಇದು ಬೆಳಿಗ್ಗೆ ಸಂಜೆ ತಪ್ಪದೆ ನಡೆಯುತ್ತದಂತೆ. ಆಮೇಲೆ ಅಡುಗೆಗೆ ಉಪ್ಪು ಜಾಸ್ತಿಯಾದದ್ದು, ಸೊಸೆಯರ ನಡತೆ, ಯಾವಾಗಲೋ ತೀರಿಹೋದ ಒಬ್ಬ ದೊಡ್ಡಪ್ಪನ ಜಿಪುಣತನ, ಎಲ್ಲವೂ ಬೀದಿಯ ಮೇಲಿಂದ ಹೋಗುತ್ತಿತ್ತು, ಬರುತ್ತಿತ್ತು. ನಮ್ಮ ಕಚೇರಿಯಲ್ಲಿ ಇಷ್ಟು ಶಿಸ್ತಿನ ಹಾಜರಿ ಇಲ್ಲವೆಂದು ನಿರ್ದೇಶಕರು ನನ್ನ ಕಿವಿಯಲ್ಲಿ ಹೇಳಿದರು.

ಕಂಡಕ್ಟರು ಮೆಟ್ಟಿಲ ಮೇಲೆ ಹಲಗೆಯ ಇಳಿಜಾರು ಹಾಕಬೇಕೆಂದಿದ್ದ. ಅದಕ್ಕಾಗಿ ಹಳೆಯ ಬಸ್ಸೊಂದನ್ನು ಒಡೆದಾಗ ಅದರ ನೆಲಹಾಸಿನ ಹಲಗೆಗಳನ್ನು ತಂದಿಟ್ಟಿದ್ದ. ಎಷ್ಟೋ ಜನರ ಕಾಲು ತುಳಿದು ತುಳಿದು ಕಬ್ಬಿಣವಾಗಿದ್ದ ಹಲಗೆ. ಅವನ ಕೈಗರಗಸ ಮೊದಲ ದಿನವೇ ಮುರಿಯಿತು. ಬಡಗಿಯನ್ನು ಕರೆದರೆ ಬಡಗಿ ನಾಳೆ ಬರುತ್ತೇನೆ ಎಂದ; ಆ ನಾಳೆ ಇನ್ನೂ ಬಂದಿಲ್ಲ. ತುದಿಯನ್ನು ಓರೆಯಾಗಿ ಕುಯ್ಯಬೇಕು, ಕೂಡಿಸಲು ಕೆಲವು ತೂತು ಕೊರೆಯಬೇಕು. ಇಷ್ಟು ಕೆಲಸ. ನಾವು ಹಲಗೆಗಳನ್ನು ಪರಿಶೀಲಿಸಿ, ಅವುಗಳ ಮೇಲೆ ಅರಗಿನ ಮುದ್ರೆ ಒತ್ತಿ, ಇಲಾಖೆಯ ಸಾಧನ ಬರುವವರೆಗೆ ಬೇರೆ ಯಾವ ಸಾಧನದಿಂದಲೂ ಇವನ್ನು ಮುಟ್ಟತಕ್ಕದ್ದಲ್ಲವೆಂದು ತಿಳಿವಳಿಕೆ ಕೊಟ್ಟು, ಮುದ್ರೆ ಎಲ್ಲರಿಗೂ ಸರಿಯಾಗಿ ಕಾಣಲೆಂದು ಹಲಗೆಗಳನ್ನು ಶೆಡ್ಡಿನ ಹೊರಗೆ ಮಳೆ ಬಿಸಿಲಿಗೆ ಇಡಿಸಿ ಬಂದೆವು.

ಇನ್ನು ಸಮಿತಿ. ನಿರ್ದೇಶಕರು ಅಧ್ಯಕ್ಷರು, ಲೆಕ್ಕಾಧಿಕಾರಿ ಮತ್ತು ಪ್ರಚಾರಾಧಿಕಾರಿ ಸದಸ್ಯರು, ನಾನು ಕಾರ್ಯದರ್ಶಿ, ನಡಾವಳಿ ಬರೆಯಲು ಟೈಪಿಸ್ಟಮ್ಮ. ನಮ್ಮಲ್ಲಿ ಯಾರೂ ಗರಗಸ ಹಿಡಿದವರಲ್ಲ. ಅದರಿಂದಲೇ ನಾವು ನಿಷ್ಪಕ್ಷಪಾತಿಗಳು ಎಂದು ನಿರ್ದೇಶಕರು ಮೊದಲ ಸಭೆಯಲ್ಲೇ ಸ್ಪಷ್ಟಪಡಿಸಿದರು. ತೀರ್ಮಾನಗಳೆಲ್ಲ ಕೈ ಎತ್ತುವ ಪದ್ಧತಿಯಿಂದ. ಕೈ ಎತ್ತಿದವರು ಒಪ್ಪಿದಂತೆ. ಏಕೆ ಎತ್ತಿದರೆಂದು ವಿಚಾರಿಸತಕ್ಕದ್ದಲ್ಲ. ಒಮ್ಮೆ ಲೆಕ್ಕಾಧಿಕಾರಿ ನೊಣ ಓಡಿಸಲು ಕೈ ಎತ್ತಿದ್ದಕ್ಕೆ ಅವರದೇ ರಜೆ ರದ್ದಾಗುವ ಠರಾವು ಪಾಸಾಯಿತು. ಪಾಪ, ಅವರು ಮರುದಿನ ಕೆಲಸಕ್ಕೆ ಬಂದರು. ನಿಯಮ ಎಂದರೆ ನಿಯಮ.

ಪ್ರಚಾರಾಧಿಕಾರಿಯ ಬಗ್ಗೆ ಒಂದು ಮಾತು. ಸಜ್ಜನರು. ಲಂಚ ಮುಟ್ಟಿದವರಲ್ಲ, ಮುಟ್ಟಲು ಯಾರೂ ಅವರ ಹತ್ತಿರ ಬರುತ್ತಿರಲಿಲ್ಲ. ಬಾಯಿ ತೆರೆದರೆ ಮುಚ್ಚುವುದಿಲ್ಲ ಎಂಬುದೊಂದೇ ಅವರ ಮೇಲಿನ ಆರೋಪ. ಕಂಠ ಮೆದು, ಹಾಗಾಗಿ ಇಲಾಖೆಯ ಮೈಕನ್ನು ಎಲ್ಲಿಗೆ ಹೋದರೂ ಒಯ್ಯುತ್ತಿದ್ದರು. ಕ್ಯಾಂಟೀನಿನಲ್ಲಿ ಅವರು ಮೈಕಿನ ವಯರು ಬಿಚ್ಚುವುದು ಕಂಡರೆ ಜನ ಅರ್ಧ ಕುಡಿದ ಕಾಫಿ ಬಿಟ್ಟು ಏಳುತ್ತಿದ್ದರು. ಬಂದ ಕುಯ್ಯೋಕೆ, ಏಳ್ರೋ ಎನ್ನುತ್ತಿದ್ದರು. ಅವರಿಗೂ ಅದು ಕೇಳಿಸುತ್ತಿತ್ತು, ಆದರೆ ಯಾವುದೋ ಮರದ ವಿಷಯವೆಂದು ಅಂದುಕೊಳ್ಳುತ್ತಿದ್ದರು.

ಗರಗಸದ ವ್ಯಾಪಾರಿಗಳು ಮಾದರಿಗಳನ್ನು ತಂದಿಟ್ಟರು. ಚಕ್ರದ ಗರಗಸ ನೆಟ್ಟಗೆ ಕುಯ್ಯುತ್ತದೆ, ಬಾಗುವುದಿಲ್ಲ. ಕುಣಿಯುವ ಗರಗಸ ಹೇಗೆ ಬೇಕಾದರೂ ಬಾಗುತ್ತದೆ, ನೆಟ್ಟಗಿರುವುದಿಲ್ಲ. ಇದು ನಮ್ಮ ಇಲಾಖೆಗೆ ಹೆಚ್ಚು ಹೊಂದುತ್ತದೆಂದು ಲೆಕ್ಕಾಧಿಕಾರಿಯ ಅಭಿಪ್ರಾಯ. ಓರೆ ಗರಗಸ ಓರೆಯಾಗಿ ಕುಯ್ಯುತ್ತದೆ. ಮೇಜಿನ ಗರಗಸ ತನ್ನ ಮೇಜನ್ನು ತಾನೇ ತರುತ್ತದೆ. ಹಲ್ಲು ಕಡಿಮೆಯಿದ್ದರೆ ವೇಗ, ಹೆಚ್ಚಿದ್ದರೆ ನಯ ಎಂದು ವ್ಯಾಪಾರಿ ವಿವರಿಸಿದ. ಲೆಕ್ಕಾಧಿಕಾರಿಗೆ ಬಾಯಲ್ಲಿ ಉಳಿದಿದ್ದ ಹಲ್ಲು ಬಹಳ ಕಡಿಮೆ. ಹಾಗಾದರೆ ಇವರ ಕಡತ ಯಾಕೆ ಇಷ್ಟು ನಿಧಾನ ಎಂದು ನಿರ್ದೇಶಕರು ಕೇಳಿದರು. ಎಲ್ಲರೂ ನಕ್ಕೆವು. ನಕ್ಕದ್ದೂ ನಡಾವಳಿಯಲ್ಲಿದೆ, ಟೈಪಿಸ್ಟಮ್ಮ ಕೇಳಿದ್ದನ್ನೆಲ್ಲ ಟೈಪು ಮಾಡುವವರು.

ಓರೆಯಾಗಿ ಕುಯ್ಯಬೇಕು, ಓರೆ ಗರಗಸ ಕೊಟ್ಟರೆ ಸಾಕಲ್ಲವೇ ಎಂದು ಆ ವ್ಯಾಪಾರಿ ಕೇಳಿದ. ಪರೀಕ್ಷೆ ಮಾಡದೆ ಸಾರ್ವಜನಿಕರ ಕೈಗೆ ಹಲ್ಲಿರುವ ವಸ್ತು ಕೊಡಲಾಗದು ಎಂದು ನಾನು ಅವನ ಬಾಯಿ ಮುಚ್ಚಿಸಿದೆ. ಪರೀಕ್ಷೆ ಗೃಹ ಪರಿಸರದಲ್ಲೇ ಆಗಬೇಕು. ಫಲಾನುಭವಿಯ ಮನೆಯಲ್ಲಿ ಮಾಡಿದರೆ ಅವನಿಗೆ ಲಾಭವಾಗುವ ಸಂಭವವಿದೆ. ಆದ್ದರಿಂದ ಸಮಿತಿಯ ಸದಸ್ಯರೇ ತಮ್ಮ ತಮ್ಮ ಮನೆಗಳನ್ನು ತ್ಯಾಗಬುದ್ಧಿಯಿಂದ ಒಡ್ಡಬೇಕಾಯಿತು.

ಚಕ್ರದ ಗರಗಸವನ್ನು ನಿರ್ದೇಶಕರು ತಮ್ಮ ಮನೆಯ ಮಹಡಿಗೆ ಕಟಕಟೆ ಹಾಕಿಸಿ ಪರೀಕ್ಷಿಸಿದರು. ಒಂದು ಮನೆಯ ಪರೀಕ್ಷೆ ಸಾಲದೆಂದು ಅವರ ಷಡ್ಡಕನ ಮನೆಯಲ್ಲೂ ಪರೀಕ್ಷೆ ನಡೆಯಿತು. ಕುಣಿಯುವ ಗರಗಸ ಲೆಕ್ಕಾಧಿಕಾರಿಯ ಹಿತ್ತಿಲಲ್ಲಿ ನಾಯಿಗೂಡಾಯಿತು. ಅವರಲ್ಲಿ ನಾಯಿ ಇರಲಿಲ್ಲ. ಪರೀಕ್ಷೆಯಲ್ಲಿ ಕೃತಕತೆ ಇರಬಾರದೆಂದು ಆಮೇಲೆ ತಂದರು. ಓರೆ ಗರಗಸ ನನ್ನ ಪಾಲಿಗೆ ಬಂತು. ನನಗೂ ಒಂದು ಕಪಾಟು ಬೇಕಾಗಿತ್ತು ಎಂದು ಆಡಿಕೊಳ್ಳುವವರು ಒಮ್ಮೆ ಬಂದು ಆ ಕಪಾಟನ್ನು ನೋಡಲಿ, ಅದರ ಬಾಗಿಲು ಇವತ್ತಿಗೂ ಮುಚ್ಚುವುದಿಲ್ಲ. ಕಷ್ಟ ಪಟ್ಟವನು ನಾನು. ಮೇಜಿನ ಗರಗಸವನ್ನು ಯಾರು ಒಯ್ದರೆಂದು ದಾಖಲೆಯಿಲ್ಲ. ನಿರ್ದೇಶಕರ ಊಟದ ಮನೆಯಲ್ಲಿ ಈಗ ಗಟ್ಟಿಮುಟ್ಟಾದ ಒಂದು ಮೇಜಿದೆ, ನಡುವೆ ಸೀಳು, ಬಡಿಸುವಾಗ ಸ್ವಲ್ಪ ಜಾಗ್ರತೆ ಬೇಕು.

ಕೊರೆಯುವ ಯಂತ್ರ ಸರದಿಯ ಮೇಲೆ ಎಲ್ಲರ ಗೋಡೆಗಳನ್ನೂ ಕಂಡು, ಕೊನೆಗೆ ನಿರ್ದೇಶಕರ ಷಡ್ಡಕನ ಮನೆಯಲ್ಲಿ ಹೊಗೆಯಾಡಿ ಸತ್ತಿತು.

ಪ್ರಚಾರಾಧಿಕಾರಿಗೆ ಯಾವ ಗರಗಸವೂ ಸಿಗಲಿಲ್ಲ. ಹಂಚುವಾಗ ಅವರು ಗರಗಸದ ಉಗಮದ ಬಗ್ಗೆ ಮಾತಾಡುತ್ತಿದ್ದರು.

ಈ ನಡುವೆ ಕಂಡಕ್ಟರು ಆಗಾಗ ಬಂದು ವಿಚಾರಿಸುತ್ತಿದ್ದ. ಚಿಕ್ಕಮ್ಮನ ಧ್ವನಿ ಇಳಿಯುತ್ತಿದೆ, ಅಮ್ಮ ಒಂದು ಸಲ ಹೋಗಿ ಅವಳ ಪಕ್ಕ ಕೂರಬೇಕು ಅಂತಿದಾಳೆ, ಕೈ ಹಿಡಿದುಕೊಂಡು ಮಾತಾಡಬೇಕು ಅಂತಿದಾಳೆ ಎಂದ. ಪರೀಕ್ಷೆ ಪ್ರಗತಿಯಲ್ಲಿದೆ ಎಂದು ನಾನು ಹೇಳಿದೆ. ಮುದ್ರೆ ಒಡೆದು ಹಲಗೆಯನ್ನು ಮರ ಕುಯ್ಯುವ ಗಿರಣಿಗೆ ಒಯ್ಯಲೇ ಎಂದು ಕೇಳಿದ. ಆಗ ನನಗೆ ನಿಜವಾಗಿ ಸಿಟ್ಟು ಬಂತು. ಇಷ್ಟು ಜನ ನಿನಗಾಗಿ ಮನೆ ಮಠ ಬಿಟ್ಟು, ಅಂದರೆ ಮನೆಯಲ್ಲೇ ಕೂತು, ಒದ್ದಾಡುತ್ತಿರುವಾಗ ಗಿರಣಿಯ ಮಾತಾಡುತ್ತೀಯಾ ಎಂದು ಬೈದೆ. ಅವನು ತಲೆ ತಗ್ಗಿಸಿ ಹೋದ. ಒಳ್ಳೆಯ ಹುಡುಗ, ಸ್ವಲ್ಪ ಆತುರ.

ವರ್ಷದ ಕೊನೆಗೆ ಮಾದರಿಗಳು ಕಚೇರಿಗೆ ಮರಳಿದವು. ಚಕ್ರಕ್ಕೆ ಅರ್ಧ ಹಲ್ಲಿಲ್ಲ, ಕುಣಿಯುವುದಕ್ಕೆ ಒಂದೂ ಇಲ್ಲ, ಓರೆಯದು ಓರೆಯಾಗಿತ್ತು. ಪರೀಕ್ಷೆಯಲ್ಲಿ ಹಲ್ಲು ಉದುರಿದ ಯಾವ ಗರಗಸವನ್ನೂ ಆರಿಸಲು ಬರುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಲೆಕ್ಕಾಧಿಕಾರಿ ನಿಟ್ಟುಸಿರು ಬಿಟ್ಟರು; ಅವರಿಗೆ ಅದು ಸ್ವಂತ ಅನುಭವ. ಆದರೆ ತಿಂಗಳು ಮುಗಿಯುವುದರೊಳಗೆ ಒಂದಾದರೂ ಸಾಧನ ಕೊಡದಿದ್ದರೆ ಇಲಾಖೆಯನ್ನೇ ಮುಚ್ಚುತ್ತಾರೆಂದು ಮೇಲಿನಿಂದ ಸೂಚನೆ ಬಂದಿತ್ತು. ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕೂತರು. ಅದನ್ನು ಯಾವುದಕ್ಕೆ ಒಪ್ಪಿಗೆಯೆಂದು ಬರೆಯಲಿ ಎಂದು ಟೈಪಿಸ್ಟಮ್ಮ ಕೇಳಿದರು.

ಈ ಸಂಕಟದಲ್ಲಿ ಪ್ರಚಾರಾಧಿಕಾರಿ ಎದ್ದು ಮೈಕಿನ ವಯರನ್ನು ಗೋಡೆಗೆ ಚುಚ್ಚಿ, ಮನುಷ್ಯ ಕಲ್ಲಿನಿಂದ ಮರ ಕಡಿಯುತ್ತಿದ್ದ ಕಾಲದಿಂದ ಶುರು ಮಾಡಿದರು. ಕಬ್ಬಿಣದ ಕಾಲ ಬರುವಷ್ಟರಲ್ಲಿ ಚಹಾ ಬಂದು ಆರಿತ್ತು. ಲೆಕ್ಕಾಧಿಕಾರಿ ಕಣ್ಣು ಮುಚ್ಚಿಕೊಂಡೇ ಗೊಣಗಿದರು, "ಅಯ್ಯೋ, ಇವರ ಹಾಗೆ ಕುಯ್ಯೋದು ಯಾವ ಗರಗಸದ ಕೈಲೂ ಆಗಲ್ಲ." ಗೊಣಗಿ, ಎರಡೂ ಕೈ ಮೇಲೆತ್ತಿ, ಆಕಳಿಸಿ ಮೈ ಮುರಿದರು. ಅವರನ್ನು ನೋಡಿ ನಿರ್ದೇಶಕರಿಗೂ ಆಕಳಿಕೆ ಬಂತು. ಆಕಳಿಕೆ ಅಂಟುಜಾಡ್ಯ, ನನಗೂ ಬಂತು.

ಮರುದಿನ ನಡಾವಳಿ ಓದಿದಾಗ ಹೀಗಿತ್ತು: "ಕುಯ್ಯುವ ಸಾಮರ್ಥ್ಯದಲ್ಲಿ ಮಾನ್ಯ ಪ್ರಚಾರಾಧಿಕಾರಿಗಳು ಎಲ್ಲ ಗರಗಸಗಳನ್ನೂ ಮೀರಿಸುತ್ತಾರೆಂದು ಲೆಕ್ಕಾಧಿಕಾರಿಗಳು ಸೂಚಿಸಿ, ತಾವೇ ಎರಡು ಕೈ ಎತ್ತಿ ಅನುಮೋದಿಸಿದರು. ಅಧ್ಯಕ್ಷರೂ ಕಾರ್ಯದರ್ಶಿಗಳೂ ಕೈ ಎತ್ತಿದರು. ವಿರೋಧ ಇರಲಿಲ್ಲ."

ಆಮೇಲೆ ನಿರ್ದೇಶಕರು ಪ್ರಕಟಣೆಯನ್ನು ತರಿಸಿ ಷರತ್ತುಗಳನ್ನು ಒಂದೊಂದಾಗಿ ನೋಡಿದರು. ವಿದ್ಯುತ್ ಚಾಲಿತವೇ? ಮೈಕು ವಿದ್ಯುತ್ತಿನದು. ಕುಯ್ಯುತ್ತದೆಯೇ? ಇಡೀ ಕಚೇರಿ ಸಾಕ್ಷಿ. ಕೊರೆಯುತ್ತದೆಯೇ? ಅದಕ್ಕಂತೂ ಕ್ಯಾಂಟೀನಿನವನೂ ಒಳಗೆ ಬಂದು ಹೌದೆಂದ; ಒಂದೇ ಸಾಧನದಲ್ಲಿ ಎರಡು ಕೆಲಸ. ಹಲ್ಲು? ಬಾಯಿ ತೆರೆಸಿ ನೋಡಿದೆವು, ಒಂದೂ ಉದುರಿಲ್ಲ. ವಸ್ತುವೇ? ಅಲ್ಲ. ಯಂತ್ರವೇ? ಅಲ್ಲ. ಇತರೆಯೇ? ನಿರ್ದೇಶಕರು ನನ್ನ ಕಡೆ ನೋಡಿ ತಲೆದೂಗಿದರು. ಅಷ್ಟು ವರ್ಷದ ನನ್ನ ಸೇವೆಗೆ ಸಿಕ್ಕ ಗೌರವ ಅದು, ನಾನು ಮರೆಯುವುದಿಲ್ಲ.

ಪ್ರಚಾರಾಧಿಕಾರಿಯ ಕಣ್ಣಲ್ಲಿ ನೀರು ಬಂತು. ಸೇವೆಗೆ ಸೇರಿದಾಗಿನಿಂದ ಅವರನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲವಂತೆ. ಆ ವಿಷಯವಾಗಿ ನಾಲ್ಕು ಮಾತಾಡುತ್ತೇನೆಂದು ಮೈಕು ಹಿಡಿದರು. ನಾವು ತುರ್ತಾಗಿ ಅವರನ್ನು ದಾಸ್ತಾನಿಗೆ ಸೇರಿಸಿ, ಅಂಗಿಯ ಜೇಬಿಗೆ ಸಂಖ್ಯೆಯ ಚೀಟಿ ಅಂಟಿಸಿ, ಇಲಾಖೆಯ ವಾಹನದಲ್ಲಿ ಕೂರಿಸಿ ಕಳಿಸಿಕೊಟ್ಟೆವು. ಅವತ್ತು ಕಚೇರಿಯಲ್ಲಿ ಎಲ್ಲರೂ ಸಂತೋಷವಾಗಿದ್ದರು.

ಹಸ್ತಾಂತರ ನನ್ನ ಕೈಯಿಂದಲೇ ಆಯಿತು. ಕಂಡಕ್ಟರನಿಗೆ ಬಳಕೆಯ ಸೂಚನೆಗಳನ್ನು ಓದಿ ಹೇಳಿದೆ: ಸಾಧನ ಚಾಲೂ ಇರುವಾಗ ಮಕ್ಕಳನ್ನು ಹತ್ತಿರ ಬಿಡತಕ್ಕದ್ದಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳತಕ್ಕದ್ದು, ಆಗಾಗ ಎಣ್ಣೆ ಹಾಕತಕ್ಕದ್ದು, ಅಂದರೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಚಹಾ. ಕಂಡಕ್ಟರು ಸಾಧನದ ಸುತ್ತ ಒಂದು ಸುತ್ತು ಬಂದ. ಸಾಧನ ಅಷ್ಟರಲ್ಲೇ ಹಲಗೆಗಳನ್ನು ಉದ್ದೇಶಿಸಿ ಮಾತಾಡಲು ತೊಡಗಿತ್ತು.

"ಸಾರ್, ಇದರ ಸ್ವಿಚ್ಚು ಎಲ್ಲಿದೆ?"

"ಈ ಮಾದರಿಗೆ ಸ್ವಿಚ್ಚು ಇರೋದಿಲ್ಲ," ಎಂದೆ.

ಅವನು ಸಹಿ ಹಾಕಿದ. ಪಾಪ, ಹಾಕದೆ ಏನು ಮಾಡುತ್ತಾನೆ? ಒಳಗಿನಿಂದ ಅವನ ತಾಯಿ, ಯಾರೋ ಅದು ಅಷ್ಟೊತ್ತಿಂದ ಕೂಗ್ತಿರೋದು, ನೀರು ಬೇಕೇನೋ ಕೊಡು ಎಂದರು.

ಗರಗಸ ಪ್ರತಿದಿನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಹಲಗೆಗಳ ಮುಂದೆ ನಿಂತು ಮರದ ಮಹತ್ವ, ಕುಯ್ಯುವವರ ಕರ್ತವ್ಯ, ಓರೆಯ ಲಾಭಗಳು ಎಂಬ ವಿಷಯಗಳ ಮೇಲೆ ಸಂಜೆಯವರೆಗೆ ಕೆಲಸ ಮಾಡುತ್ತಿತ್ತು. ಕಂಡಕ್ಟರು ಒಮ್ಮೆ ಮೈಕಿನ ವಯರು ಕಿತ್ತನಂತೆ. ಗರಗಸ ಜೊತೆಗೇ ಬ್ಯಾಟರಿ ತಂದಿತ್ತು. ನೆರೆಯವರು ಹತ್ತಿ ಕೊಳ್ಳತೊಡಗಿದರು. ಬೀದಿಯ ನಾಯಿಗಳು ಬೇರೆ ಬೀದಿ ನೋಡಿಕೊಂಡವು. ಹಲಗೆ ಮಾತ್ರ ಹಾಗೇ ಇತ್ತು. ಹಾಗೆಂದು ದೂರುವವರಿಗೆ ನಾನು ಹೇಳುವುದಿಷ್ಟೇ: ಬಿಸಿಲು ಮಳೆಗೆ ಬಿದ್ದಿದ್ದ ಆ ಹಲಗೆಗಳಲ್ಲಿ ಒಂದಕ್ಕೆ ತುದಿಯಲ್ಲಿ ಬಿರುಕು ಬಿಟ್ಟಿತು. ನಾನು ಖುದ್ದಾಗಿ ಹೋಗಿ ಬೆರಳಿಟ್ಟು ನೋಡಿ, ಕುಯ್ಯುವ ಕಾರ್ಯ ಆರಂಭವಾಗಿದೆ ಎಂದು ಬರೆದೆ. ಬಿರುಕು ಓರೆಯಾಗಿಯೂ ಇತ್ತು. ಆರಂಭವಾದ ಕಾರ್ಯ ತಿಂಗಳ ಕೊನೆಗೆ ಮುಗಿಯಲೇಬೇಕು, ಆದ್ದರಿಂದ ತಿಂಗಳ ಕೊನೆಗೆ ಮುಗಿದಿದೆ ಎಂದು ನಿರ್ದೇಶಕರು ಬರೆದರು. ಇಳಿಜಾರು ಪೂರ್ಣಗೊಂಡಿದೆ, ತಾಯಿಯವರು ಎದುರು ಮನೆಗೆ ಹೋಗಿಬರುತ್ತಿದ್ದಾರೆ ಎಂದು ಮೇಲಿನವರಿಗೆ ವರದಿ ಹೋಯಿತು. ಇಲಾಖೆ ಉಳಿಯಿತು.

ವರದಿಯ ಪ್ರತಿ ರಸ್ತೆ ಇಲಾಖೆಗೂ ಹೋಗಿತ್ತು. ಅವರ ನಿಯಮದ ಪ್ರಕಾರ ಒಂದು ಬಾಗಿಲಿಗೆ ಒಂದೇ ಇಳಿದಾರಿ, ಒಂದೋ ಮೆಟ್ಟಿಲು, ಇಲ್ಲವೇ ಇಳಿಜಾರು. ಹೆಚ್ಚುವರಿಯಾದ ಮೆಟ್ಟಿಲುಗಳನ್ನು ಅವರು ಕಿತ್ತು ಕೊಂಡುಹೋದರು. ಬೇರೆ ಯಾವ ಕೆಲಸಕ್ಕೂ ಅವರು ಅಷ್ಟು ಬೇಗ ಬಂದದ್ದನ್ನು ನಾನು ಕಂಡಿಲ್ಲ. ಕಂಡಕ್ಟರನಿಗೇನೂ ತೊಂದರೆಯಾಗಲಿಲ್ಲ, ಓಡುವ ಬಸ್ಸು ಹತ್ತಿ ಇಳಿದು ಅಭ್ಯಾಸವಿದ್ದವನು, ಮನೆಯನ್ನೂ ಹಾಗೇ ಹತ್ತಿ ಇಳಿಯುತ್ತಿದ್ದ. ಅವನ ಹೆಂಡತಿ ಕಲಿಯುತ್ತಿದ್ದಾಳೆ. ಶೆಡ್ಡಿಗೆ ಮನೆಯೊಳಗಿಂದಲೇ ದಾರಿ. ಪ್ರಚಾರಾಧಿಕಾರಿಗೆ ಹಾರಲು ಬರುವುದಿಲ್ಲ. ಹಾಗಾಗಿ ಗರಗಸ ಬೀದಿಯ ನಡುವೆಯೇ ನಿಂತು, ಎರಡು ಮನೆಗಳ ಮಧ್ಯದಿಂದ ಹಲಗೆಗಳ ಕಡೆ ಮುಖ ಮಾಡಿ ಕೆಲಸ ಮುಂದುವರಿಸಿತು. ಕೆಲಸ ಮುಗಿದಿದೆಯೆಂಬ ವರದಿಯನ್ನು ಅದಕ್ಕೆ ಯಾರೂ ಕೊಟ್ಟಿರಲಿಲ್ಲ.

ಯೋಜನೆಯ ಯಶಸ್ಸು ಕಂಡು ಬೇರೆ ಊರುಗಳಿಂದಲೂ ಬೇಡಿಕೆ ಬಂತು. ಹಿಡಿದದ್ದನ್ನು ಬಿಡದ ಒಬ್ಬ ವಸೂಲಿ ಅಧಿಕಾರಿಯನ್ನು ಇಕ್ಕಳವಾಗಿಯೂ, ಅಣ್ಣತಮ್ಮಂದಿರ ನಡುವೆ ಸೇರಿದರೆ ಸೀಳಿಯೇ ಹೊರಬರುವ ನಿರ್ದೇಶಕರ ಷಡ್ಡಕನನ್ನು ಬೆಣೆಯಾಗಿಯೂ ಆರಿಸಲಾಯಿತು. ಅವರ ಬಗ್ಗೆ ದೂರುಗಳಿಲ್ಲ.

ದೂರು ಬಂದದ್ದು ಕಂಡಕ್ಟರನಿಂದ. ಕಚೇರಿಗೆ ಬಂದು ಈ ಸಲ ಬಾಗಿಲಲ್ಲಿ ನಿಲ್ಲದೆ ನೇರ ನನ್ನ ಮೇಜಿನ ಹತ್ತಿರ ಬಂದ. ಸಮವಸ್ತ್ರದಲ್ಲಿದ್ದ, ಕೊರಳಲ್ಲಿ ಸೀಟಿ ಹಾಗೇ ಇತ್ತು. ಅವನು ಬಹಳ ಮೆಲ್ಲಗೆ ಮಾತಾಡಿದ. "ಗರಗಸ ಬೇಡ ಸಾರ್, ಇಳಿಜಾರೂ ಬೇಡ. ಅದನ್ನ ವಾಪಸ್ ಕರ್ಕೊಳ್ಳಿ ಸಾಕು. ಮುಂಚೆ ಕೂಗಿದ್ರೆ ಕೇಳ್ತಿತ್ತು. ಈಗ ಅಮ್ಮ ಬೆಳಿಗ್ಗೆ ಕೂಗ್ತಾಳೆ, ಆ ಕಡೆಯಿಂದ ಏನೂ ಕೇಳಲ್ಲ. ಚಿಕ್ಕಮ್ಮ ಇದಾಳೋ ಇಲ್ಲವೋ ಅಂತ ಸಂಜೆ ತನಕ ಬಾಗಿಲಲ್ಲೇ ಕೂತಿರ್ತಾಳೆ."

ನನಗೂ ಕರುಳಿದೆ. ಆದರೆ ದಾಸ್ತಾನಿನಿಂದ ಹೊರಹೋದ ಸಾಧನವನ್ನು ಒಬ್ಬನ ಮಾತಿನ ಮೇಲೆ ವಾಪಸು ಪಡೆಯಲಾಗದು. ಫಲಾನುಭವಿ ಕುಟುಂಬದವರ ಸಮ್ಮುಖದಲ್ಲಿ ಸಾರ್ವಜನಿಕ ವಿಚಾರಣೆ ನಡೆದು, ಸಾಧನ ಬೇಡವೆಂದು ತೀರ್ಮಾನವಾಗಬೇಕು. ವಿಚಾರಣೆ ನಡೆಸೋಣ ಎಂದೆ. ಅವನ ಮುಖದಲ್ಲಿ ಸ್ವಲ್ಪ ಗೆಲುವು ಕಂಡಿತು. ಎದ್ದು ಹೋಗುವಾಗ ಕೈ ಮುಗಿದ.

ವಿಚಾರಣೆಗೆ ನಿರ್ದೇಶಕರು, ಲೆಕ್ಕಾಧಿಕಾರಿ, ಟೈಪಿಸ್ಟಮ್ಮ, ನಾನು ಬೆಳಿಗ್ಗೆಯೇ ಆ ಬೀದಿಗೆ ಹೋದೆವು. ಗರಗಸ ಬೀದಿಯ ನಡುವೆ ಚಾಲೂ ಇತ್ತು. ಒಂದು ಬದಿಯಲ್ಲಿ, ಮೆಟ್ಟಿಲಿಲ್ಲದ ಹೊಸ್ತಿಲ ಮೇಲೆ, ಗಾಲಿ ಕುರ್ಚಿಯಲ್ಲಿ ತಾಯಿ. ಇನ್ನೊಂದು ಬದಿಯ ಕಿಟಕಿಯಲ್ಲಿ ದಿಂಬಿಗೆ ಒರಗಿಸಿ ಕೂರಿಸಿದ್ದ ಚಿಕ್ಕಮ್ಮ. ಮೊದಲು ಕಂಡದ್ದಕ್ಕಿಂತ ಬಹಳ ಸಣ್ಣಗಾಗಿದ್ದರು. ತಾಯಿಯ ಬಾಯಿ ಆಡುತ್ತಿತ್ತು, ಏನನ್ನೋ ಕೂಗುತ್ತಿದ್ದರು, ನಮಗೆ ಕೇಳಿಸಲಿಲ್ಲ. ನಾನು 'ಈ ಸಾಧನ ಮುಂದುವರಿಯಲು ಒಪ್ಪಿಗೆ ಇರುವವರು ಕೈ ಎತ್ತತಕ್ಕದ್ದು' ಎಂದು ನಿಯಮದಂತೆ ಗಟ್ಟಿಯಾಗಿ ಓದಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ, ಆದರೂ ಓದಿದೆ.

ಕಂಡಕ್ಟರು ನಿಲ್ಲಿಸಿ ನಿಲ್ಲಿಸಿ ಎಂದು ಬಸ್ಸಿಗೆ ಅಡ್ಡ ಬಂದವನ ಹಾಗೆ ಕೈ ಎತ್ತಿ ಓಡಿ ಬಂದ. ಟೈಪಿಸ್ಟಮ್ಮ ಒಂದು ಎಂದು ಬರೆದುಕೊಂಡರು.

ಅಷ್ಟರಲ್ಲಿ ತಾಯಿ ಕೂಗುವುದನ್ನು ನಿಲ್ಲಿಸಿದರು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಎದುರಿನ ಕಿಟಕಿಯನ್ನೇ ನೋಡುತ್ತ ಬಲಗೈಯನ್ನು ಮೇಲೆತ್ತಿದರು. ಕಿಟಕಿಯಲ್ಲಿ ಸ್ವಲ್ಪ ಹೊತ್ತು ಏನೂ ಅಲ್ಲಾಡಲಿಲ್ಲ. ಆಮೇಲೆ ಅಲ್ಲೂ ಒಂದು ಕೈ ನಿಧಾನವಾಗಿ ಮೇಲೆದ್ದಿತು, ತೆಳ್ಳಗಿನ ಕೈ, ಇನ್ನೊಂದು ಕೈಯಿಂದ ಮೊಣಕೈಗೆ ಆಸರೆ ಕೊಟ್ಟು ಹಿಡಿದದ್ದು.

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಗರಗಸವನ್ನು ಅದೇ ಬೀದಿಗೆ ಕಾಯಂ ಮಾಡಲಾಗಿದೆ. ಕಂಡಕ್ಟರನಿಗೆ ನಿಯಮ ವಿವರಿಸಿದೆ. ಈಗ ಅವನು ಕೆಲಸಕ್ಕೆ ಹೋಗುವ ಮುಂಚೆ ಗರಗಸಕ್ಕೆ ತಿಂಡಿ ಕೊಟ್ಟು ಹೋಗುತ್ತಾನೆ. ಆಡಿಕೊಳ್ಳುವವರ ಗಮನಕ್ಕೆ ಕೊನೆಯದಾಗಿ ಒಂದು ಸಂಗತಿಯನ್ನು ತರಬಯಸುತ್ತೇನೆ. ಎಣಿಕೆ ಮುಗಿಯಿತು, ಇನ್ನು ಕೈ ಇಳಿಸಬಹುದು ಎಂದು ನಾವು ಸನ್ನೆ ಮಾಡಿದರೂ ಆ ಇಬ್ಬರು ಕೈ ಇಳಿಸಲಿಲ್ಲ. ನಾವು ವಾಹನ ಹತ್ತಿ ಬೀದಿಯ ತಿರುವಿನಿಂದ ತಿರುಗಿ ನೋಡಿದಾಗಲೂ ಎರಡೂ ಕೈ ಮೇಲೆಯೇ ಇದ್ದವು. ಇಲಾಖೆಯ ಕಾರ್ಯಕ್ರಮವೊಂದಕ್ಕೆ ಜನರಿಂದ ಅಂಥ ಬೆಂಬಲವನ್ನು ನಾನು ನನ್ನ ಸೇವಾವಧಿಯಲ್ಲಿ ಬೇರೆಲ್ಲೂ ಕಂಡಿಲ್ಲ.